ಸಾಹೇಬರ ಕೈಯ ಗೊಬ್ಬರ

ಎರಡನೆಯ ಮಹಾಯುದ್ಧ ಮುಗಿಯುವ ಹಿಂದಿನ ವರ್ಷ ನಾನು ಪುಣೆಯ ಒಂದು ಕೃಷಿ ಕಚೇರಿಯಲ್ಲಿ ಅಸಿಸ್ಟೆಂಟ್ ಆಗಿದ್ದೆ. ಹೊಸ ಪದ್ಧತಿಗಳನ್ನು ರೈತರ ಹೊಲದಲ್ಲೇ ಮಾಡಿ ತೋರಿಸುವುದು ನನ್ನ ಕೆಲಸ. ಇಂದಾಪುರದ ಕಡೆ ಕಾಲುವೆ ನೀರಿನಲ್ಲಿ ಗೋವಿನಜೋಳ ಬೆಳೆದು ತೋರಿಸಬೇಕೆಂದು ಆ ವರ್ಷ ಹುಕುಂ ಬಂತು. ನಾವು ಏನು ತೋರಿಸಿದೆವು ಎಂದು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ನಾನು ಆರಿಸಿದ್ದು ಶಿವಪ್ಪನ ಹೊಲ. ಬಿಜಾಪುರದ ಕಡೆಯವನು, ಕಾಲುವೆ ಅಗೆಯಲು ಬಂದು ಅಲ್ಲೇ ನೆಲೆನಿಂತವನು. ಪುಣೆಯ ವಕೀಲರೊಬ್ಬರ ಎರಡು ಎಕರೆಯನ್ನು ಪಾಲಿಗೆ ಮಾಡುತ್ತಿದ್ದ. ಆ ಜಮೀನಿನ ಮೇಲೆ ಕಬ್ಬಿನವರ ಕಣ್ಣು ಬಿದ್ದಿತ್ತು. ಈ ಪೀಕು ಚೆನ್ನಾಗಿ ಬಂದರೆ ಹೊಲ ನಿನ್ನ ಕೈಯಲ್ಲೇ ಇರಲಿ, ಇಲ್ಲವಾದರೆ ಬಿಡು ಎಂದು ವಕೀಲರು ಖಡಾಖಂಡಿತವಾಗಿ ಹೇಳಿದ್ದರು. ನಮ್ಮ ಭಾಷೆಯ ಮನುಷ್ಯ, ಸರಕಾರಿ ಗೊಬ್ಬರದ ಬಲದಿಂದಲಾದರೂ ಉಳಿದುಕೊಳ್ಳಲಿ ಎಂಬುದು ನನ್ನ ಆಸೆ.

ಗೊಬ್ಬರವೆಂದರೆ ಅಮೋನಿಯಂ ಸಲ್ಫೇಟ್, ಬೆಳೆಗೆ ಸಾರಜನಕ ಕೊಡುವ ಬಿಳಿಯ ಪುಡಿ. ಶಿವಪ್ಪ ಅದನ್ನು 'ಸಾಹೇಬರ ಉಪ್ಪು' ಎನ್ನುತ್ತಿದ್ದ. ಬೆಳೆ ಮೊಣಕಾಲೆತ್ತರ ಬಂದಾಗ ಗಿಡದ ಬುಡದ ಪಕ್ಕ ಹಾಕಿ, ಮಣ್ಣು ಮುಚ್ಚಿ, ಅದೇ ದಿನ ನೀರು ಹಾಯಿಸಬೇಕು. ನೀರಿಲ್ಲದೆ ಅದು ಬೇರಿಗೆ ಇಳಿಯುವುದಿಲ್ಲ. ಎಲೆಯ ಮೇಲೆ ಬಿದ್ದರೆ ಸುಡುತ್ತದೆ. ಕಾಲುವೆ ನೀರು ಪಾಳಿಯ ಪ್ರಕಾರ ಬರುವುದು, ಒಂದು ಪಾಳಿ ತಪ್ಪಿದರೆ ಎರಡು ವಾರ ಕಾಯಬೇಕು.

ಬೆಳೆ ಮೊಣಕಾಲಿಗೆ ಬಂತು, ನೀರಿನ ಪಾಳಿಯೂ ಹತ್ತಿರವಾಯಿತು. ಗೊಬ್ಬರ ಮಾತ್ರ ಪುಣೆಯ ಗೋದಾಮಿನಲ್ಲೇ ಇತ್ತು. ತರಲು ಹೋದರೆ ನಮ್ಮ ಸೂಪರಿಂಟೆಂಡೆಂಟರು ತಡೆದರು. ಬೆಳಗಾವಿಯವರು, ಮಾತು ಬೆಣ್ಣೆಯಂಥದ್ದು.

"ಮುಂದಿನ ವಾರ ಇಲಾಖೆಯ ದೊಡ್ಡ ಸಾಹೇಬರು ಬರ್ತಾರ. ಗೊಬ್ಬರ ಅವರ ಕೈಲೇನೇ ಹಾಕಸೋಣು. ಫೋಟೋದವರೂ ಬರೋರಿದ್ದಾರ."

"ನೀರು ನಾಡಿದ್ದು ಬರ್ತದ ರೀ. ಸಾಹೇಬರ ಸಲುವಾಗಿ ಒಂದು ಸಾಲು ಬಿಟ್ಟು, ಉಳಿದದ್ದಕ್ಕ ಈಗ ಹಾಕಿಬಿಡೂಣು."

"ಹಾಕಿದ ಹೊಲಕ್ಕ ಮತ್ತ ಹಾಕೋದು ಅಂದ್ರ ನಾಟಕ ಆಗ್ತದಲ್ಲ?" ಎಂದು ಅವರು ನಕ್ಕರು. ನಾಟಕ ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲವೆಂದು ನಾನು ಇಂದಿಗೂ ನಂಬುವುದಿಲ್ಲ. ನೀರಾವರಿ ಕಚೇರಿಗೆ ಹೋಗಿ ಅಂಗಲಾಚಿದೆ. ಒಬ್ಬನಿಗಾಗಿ ಪಾಳಿ ಬದಲಿಸಲಾಗದು ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು.

ನೀರು ಬಂತು, ಹಾಯ್ದು ಹೋಯಿತು. ವಾರ ಕಳೆದು ಕರಿಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಸಾಹೇಬರ ಮೋಟಾರು ಬಂತು. ಶಿವಪ್ಪ ಬುಟ್ಟಿ ಹಿಡಿದು ನಿಂತ. ಸಾಹೇಬರು ಬಗ್ಗಲಿಲ್ಲ. ಮದುವೆಯಲ್ಲಿ ಅಕ್ಷತೆ ಹಾಕುವವರಂತೆ ನಿಂತಲ್ಲಿಂದಲೇ ಎರಚಿದರು, ಅವರ ಹಿಂದೆ ಬಂದವರೂ ಎರಚಿದರು. ಪುಡಿ ನೇರವಾಗಿ ಗಿಡದ ಎಳೆಯ ಸುಳಿಯೊಳಗೆ ಬಿತ್ತು. "ಬುಡಕ್ಕೆ ಹಾಕಬೇಕು" ಎಂದು ನಾನು ಬಾಯಿ ತೆರೆದರೆ ಸೂಪರಿಂಟೆಂಡೆಂಟರು ಕಣ್ಣಲ್ಲೇ ಗದರಿದರು.

ಅವರು ಹೊರಟ ಮೇಲೆ ಶಿವಪ್ಪ ಕೇಳಿದ: "ಯಪ್ಪಾ, ಇನ್ನ ನೀರು ಯಾವಾಗ್ರಿ?"

ಇನ್ನೂ ಒಂದು ವಾರವೆಂದು ಅವನಿಗೂ ಗೊತ್ತಿತ್ತು. ಮುಂದಿನ ಪಾಳಿಯ ಹೊತ್ತಿಗೆ ಸುಳಿಗಳು ಕಂದಿದ್ದವು, ಕೆಳಗಿನ ಎಲೆಗಳು ಹಳದಿಯಾಗಿದ್ದವು. ತೆನೆ ಸುಲಿದರೆ ಅರ್ಧಕ್ಕರ್ಧ ಕಾಳೇ ಇರಲಿಲ್ಲ.

ರೈತನು ಸಕಾಲಕ್ಕೆ ನೀರು ಹಾಯಿಸಲಿಲ್ಲ ಎಂದು ಕಚೇರಿ ವರದಿ ಮಾಡಿತು. ನಾನು ವಕೀಲರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಚಹಾ ಕೊಟ್ಟು ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಸರಕಾರವೇ ಅವನ ತಪ್ಪು ಎಂದಿರುವಾಗ ತಾನೇನು ಮಾಡಲಿ ಎಂದು ಮರಾಠಿಯಲ್ಲಿ ಕೇಳಿದರು. ಮುಂದಿನ ಹಂಗಾಮಿಗೆ ಆ ಹೊಲದಲ್ಲಿ ಕಬ್ಬು ನಿಂತಿತು.

ಅಷ್ಟರಲ್ಲಿ 'ನೀರು ಗೊಬ್ಬರ ಜೊತೆಜೊತೆಗೆ' ಎಂಬ ಕರಪತ್ರ ಅಚ್ಚಾಯಿತು. ಅದನ್ನು ಹಂಚಲು ಪುಣೆಯ ಹೊರಗಿನ ಕೊಂಢವಾ ಹಳ್ಳಿಯ ಕಡೆ ಹೋದಾಗ ಕಲ್ಲಿನ ಖಣಿಯಲ್ಲಿ ಜಲ್ಲಿ ಒಡೆಯುತ್ತಿದ್ದ ಶಿವಪ್ಪ ಸಿಕ್ಕ. ನನ್ನ ಕೈಯಿಂದ ತಾನೇ ಒಂದು ಹಾಳೆ ತೆಗೆದುಕೊಂಡ. ಚಿತ್ರದಲ್ಲಿ ಸಾಹೇಬರು ನಗುತ್ತಿದ್ದರು. ಪಕ್ಕದಲ್ಲಿ ಬುಟ್ಟಿ ಹಿಡಿದ ಎರಡು ಕೈ, ಮುಖ ಕತ್ತರಿಸಿ ಹೋಗಿತ್ತು.

"ಈ ಬುಟ್ಟಿ ನಂದರೀ," ಎಂದ. "ನನ್ನ ಹೇಣ್ತಿ ಹೆಣೆದಿದ್ಲು. ಅವತ್ತ ನಿಮ್ಮವರು ಮೋಟಾರದಾಗ ಇಟಗೊಂಡು ಹೋದ್ರು. ಹೊಲ ಅಂತೂ ಹೋತು. ಇದನ್ನರ ತಿರುಗಿ ಕೊಡಸ್ತೀರೇನ್ರಿ?"

ಬೆಳೆಗೆ ನೀರೂ ಗೊಬ್ಬರವೂ ಒಟ್ಟಿಗೇ ಸೇರಬೇಕು. ಅದನ್ನು ನನಗೆ ಕಾಲೇಜೇ ಕಲಿಸಿತ್ತು. ಅವೆರಡನ್ನೂ ಎರಡು ಕಚೇರಿಗಳ ಕೈಗೆ ಕೊಟ್ಟು, ನಡುವೆ ಒಬ್ಬ ಸಾಹೇಬರನ್ನು ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ನೌಕರಿ ಕಲಿಸಿತು. ಪುಣೆಗೆ ಮರಳಿ ಬುಟ್ಟಿ ಹುಡುಕಿದೆ. ಸೂಪರಿಂಟೆಂಡೆಂಟರ ಮೇಜಿನ ಕೆಳಗಿತ್ತು. ಅದರ ತುಂಬ ರದ್ದಿ ಕಾಗದ. ಅಲ್ಲಿಯೇ ನೆಲದ ಮೇಲೆ ಸುರಿದು, ಬುಟ್ಟಿಯನ್ನು ಎತ್ತಿಕೊಂಡು ಮತ್ತೆ ಕೊಂಢವಾಕ್ಕೆ ಹೋದೆ. ಶಿವಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಜಲ್ಲಿ ತುಂಬತೊಡಗಿದ.