ಘಾಟಿನ ನೆವ

ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಕಣ್ಣು ಕೆಂಪಗಾದವನನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಮಾರುಕಟ್ಟೆಗೆ ಮೆಣಸಿನಕಾಯಿ ಬಂತೆಂದರೆ ಊರಿಗೆ ಊರೇ ಸೀನುತ್ತದೆ, ಕೆಮ್ಮುತ್ತದೆ. ಈ ಅನುಕೂಲವನ್ನು ನನ್ನ ಜೊತೆ ಖೋಲಿಯಲ್ಲಿದ್ದ ಹುಡುಗನಿಗೆ ತೋರಿಸಿಕೊಟ್ಟವನು ನಾನೇ.

ಮೊಬೈಲು ಆಗಷ್ಟೇ ನಮ್ಮಂಥವರ ಕಿಸೆಗೆ ಬಂದಿದ್ದ ಕಾಲ. ಕುಪ್ಪೇಲೂರಿನವನಾದ ನಾನು ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಅವನು ಕರಾವಳಿಯವನು, ಮಸಾಲೆ ಪುಡಿ ಮಾಡಿ ಮಾರುತ್ತಿದ್ದ ಸೋದರಮಾವ ಮೆಣಸಿನಕಾಯಿ ಖರೀದಿಗೆಂದು ಕಳಿಸಿದ್ದ. ಇಬ್ಬರಿಗೂ ಇಪ್ಪತ್ತಮೂರು. ಒಬ್ಬ ಅಜ್ಜಿಯ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆವು.

ಅವನಿಗೆ ಮೆಣಸಿನಕಾಯಿ ಗೊತ್ತಿತ್ತು, ನಮ್ಮ ಮಾತು ಗೊತ್ತಿರಲಿಲ್ಲ. "ಆ ಚೀಲವನ್ನು ಸ್ವಲ್ಪ ಬಿಚ್ಚಿ ತೋರಿಸುತ್ತೀರಾ?" ಎಂದು ಹಮಾಲರನ್ನು ಕೇಳುತ್ತಿದ್ದ.

"ಏ, ಮಾಸ್ತರ ಪಾಠ ಚಾಲೂ ಮಾಡ್ಯಾರ, ಕೈ ಕಟ್ಟಿ ಕುಂದರ್ರೆಪಾ!" ಎಂದು ಅವರು ನಗುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ, ನಮ್ಮ ಕಡೆ ಚೇಷ್ಟೆಯೇ ಹಾಗೆ. ಅವನಿಗದು ತಿಳಿಯಲಿಲ್ಲ. ನಮ್ಮ ಜೋಳದ ರೊಟ್ಟಿಯೂ ಅವನಿಗೆ ಸೇರುತ್ತಿರಲಿಲ್ಲ. ಮೂರು ವಾರದಲ್ಲಿ ಮಾರುಕಟ್ಟೆಗೆ ಹೋಗಲೇ ಹಿಂಜರಿಯತೊಡಗಿದ.

ಒಂದು ಭಾನುವಾರ ಮೀನೂಟ ಮಾಡಿಸೋಣವೆಂದು ರಾಣೆಬೆನ್ನೂರಿಗೆ ಕರೆದೊಯ್ದೆ. ಹೋಟೆಲು ಅಂದರೆ ಬಾರು, ಮುಚ್ಚಿಡುವುದೇನು. ಎರಡನೆಯ ಗ್ಲಾಸಿಗೆ ಅವನ ನಾಲಿಗೆ ಸಡಿಲಾಯಿತು. "ಏನಲೇ, ಲಗೂ ತಗೊಂಬಾರಲೇ!" ಎಂದು ಸಪ್ಲಾಯರನಿಗೆ ಕೂಗಿದ. ಅಬ್ಬಾ, ಥೇಟ್ ನಮ್ಮವನೇ! ನಾನು ಮೇಜು ಬಡಿದು ನಕ್ಕೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಭಾನುವಾರ ಸಾಲಲಿಲ್ಲ. ಬೆಳಿಗ್ಗೆ ಎರಡು ಗುಟುಕು ಹಾಕದೆ ಅವನು ಮಾರುಕಟ್ಟೆಗೆ ಇಳಿಯುತ್ತಿರಲಿಲ್ಲ. ಆ ಘಾಟಿನಲ್ಲಿ ಬಾಯಿಯ ವಾಸನೆ ಯಾರಿಗೆ ತಿಳಿಯಬೇಕು? ಹಮಾಲರು ಈಗ ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದರು. "ಸಾಕು, ಬಿಡಲೇ" ಎಂದು ಒಮ್ಮೆ ಅಂದೆ. "ಬಿಟ್ಟರೆ ಮತ್ತೆ ಮಾಸ್ತರ ಆಗ್ತೇನಲ್ಲ ಮಾರಾಯ" ಎಂದ.

ಒಂದು ದಿನ ಅಜ್ಜಿ ಅವನ ಕಣ್ಣು ನೋಡಿ ಗಾಬರಿಯಾದಳು. ಅವನು ನನ್ನ ಮುಖ ನೋಡಿದ. "ಘಾಟು ಹತ್ತೈತಿ ಅಜ್ಜಿ, ಊರಿಗೆ ಹೊಸಬ ಅಲ್ಲೇನು?" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು! ಅಂದಿನಿಂದ ದಿನಾ ಸಂಜೆ ನಮ್ಮ ಹೊಸ್ತಿಲ ಮೇಲೆ ಎರಡು ಲೋಟ ಮಜ್ಜಿಗೆ ಇರುತ್ತಿತ್ತು. ಅವನ ಉರಿಗೊಂದು, ದಾಕ್ಷಿಣ್ಯಕ್ಕೆ ನನಗೊಂದು. ನಾನು ಒಂದು ದಿನವೂ ಬಿಡದೆ ಕುಡಿದೆ.

ಮಳೆಗಾಲಕ್ಕೆ ಮಾರುಕಟ್ಟೆ ಖಾಲಿಯಾಯಿತು. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮಾಲು ಕಳಿಸುವುದಕ್ಕೆ ಅವನು ಉಳಿದ. ಕುಡಿತವೂ ಉಳಿಯಿತು. ಕಣ್ಣು ಹಳದಿಯಾಗತೊಡಗಿತು. ಕೆಂಪಿಗೆ ನಮ್ಮಲ್ಲಿ ನೆವವಿತ್ತು, ಹಳದಿಗೆ ಇರಲಿಲ್ಲ. ತಿಂದದ್ದು ವಾಂತಿಯಾಗಿ ಅವನು ಹಾಸಿಗೆ ಹಿಡಿದಾಗ ಅಜ್ಜಿಯೇ ನಮ್ಮಿಬ್ಬರನ್ನೂ ಹಾವೇರಿಯ ಬಸ್ಸು ಹತ್ತಿಸಿ, ತಾನೂ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಮೋಟೆಬೆನ್ನೂರು ದಾಟುವಾಗ ಅವನು ನನ್ನ ಕೈ ಹಿಡಿದ. "ಹೇಳ್ಬೇಡ ಮಾರಾಯ, ಮಾವನಿಗೆ ಗೊತ್ತಾದ್ರೆ ಮನೆಗೆ ಸೇರಿಸುವುದಿಲ್ಲ." ನಾನು ಹೂಂ ಅಂದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಕುಡೀತಿಯೇನಪಾ? ಖರೇ ಹೇಳು, ಔಷಧ ಅದರ ಮ್ಯಾಲೆ ಐತಿ."

ಅವನು ತಲೆ ತಗ್ಗಿಸಿದ. ಅಜ್ಜಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಏನ್ ಮಾತಂತ ಆಡ್ತೀರಿ ಸಾಹೇಬ್ರ? ಬಂಗಾರದಂಥಾ ಹುಡುಗ! ಇದು ಸುಗ್ಗ್ಯಾಗ ಹತ್ತಿದ ಮೆಣಸಿನಕಾಯಿ ಘಾಟು. ಬೇಕಾದ್ರ ಇವನ್ನ ಕೇಳ್ರಿ, ಇವ ಸುಳ್ಳು ಹೇಳಾವಲ್ಲ" ಎಂದು ನನ್ನನ್ನು ಮುಂದೆ ನೂಕಿದಳು.

"ಕುಡೀತಾನ್ರಿ," ಅಂದೆ. "ಮುಂಜಾನೆ ಎದ್ದ ಕೂಡಲೇ. ಘಾಟಿನ ಮಾತು ನಾ ಕಟ್ಟಿದ್ದು."

ಇನ್ನೊಂದು ತಿಂಗಳು ಹೀಗೇ ನಡೆದಿದ್ದರೆ ಕೈ ಮೀರುತ್ತಿತ್ತು ಎಂದರು ಡಾಕ್ಟರು. ವಾಪಸು ಬರುವಾಗ ಅಜ್ಜಿ ಅವನ ಪಕ್ಕ ಕೂತು, ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಬೈಯಲಿಲ್ಲ. ಔಷಧದ ಚೀಟಿಯನ್ನು ನನ್ನ ಕೈಯಿಂದ ತೆಗೆದು ತನ್ನ ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಎಂದಿನಂತೆ ಹೊಸ್ತಿಲ ಮೇಲೆ ಮಜ್ಜಿಗೆ ತಂದಿಟ್ಟಳು. ಒಂದೇ ಲೋಟ.