ನಿಂಗಯ್ಯನ ಮಗಳು ಹಾಕದ ಸಹಿ

ಪ್ರೇಮಲತಾಳ ಕೆಲಸ ಹೋದ ಸುದ್ದಿ ಅವಳಿಗಿಂತ ಮೊದಲೇ ಕಳಸದ ಬಸ್ ಸ್ಟ್ಯಾಂಡಿಗೆ ಬಂದು ಮುಟ್ಟಿತ್ತು. 2008ರ ನವೆಂಬರ್ ತಿಂಗಳು. ವಿಮಾನದಲ್ಲಿ ಕೆಲಸಕ್ಕಿದ್ದ ನಿಂಗಯ್ಯನ ಮಗಳು ಮೇಲಿನವರಿಗೆ ಎದುರು ಮಾತಾಡಿದಳಂತೆ, ಯಾವುದೋ ಕಾಗದಕ್ಕೆ ಸಹಿ ಹಾಕುವುದಿಲ್ಲ ಅಂದಳಂತೆ, ಹೊರಗೆ ಹಾಕಿದರಂತೆ. ಹೋಟೆಲಿನ ಬೆಂಚಿನ ಮೇಲೆ ಕೂತವರಿಗೆ ಅವತ್ತು ಬೇರೆ ಮಾತೇ ಇಲ್ಲ.

"ಒಂದು ಸಹಿ ಮಾರಾಯ, ಹಾಕಿದ್ರೆ ಕೈ ಸವೆದು ಹೋಗ್ತಿತ್ತಾ?" ಎಂದ ಒಬ್ಬ.

"ಲೈನ್ ಮನೆಯಿಂದ ಹೋದವ್ರಿಗೆ ಅಷ್ಟು ಕೊಬ್ಬು ಬರಬಾರ್ದು" ಎಂದ ಇನ್ನೊಬ್ಬ.

ನನ್ನ ಕೈಯಲ್ಲಿದ್ದ ಕಾಫಿಯನ್ನು ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. ಮೂವತ್ತಮೂರು ವರ್ಷ ಮೇಷ್ಟ್ರಾಗಿದ್ದು ಮಕ್ಕಳ ಮೇಲೆ ಮಾತ್ರ ಕೈ ಎತ್ತಿದವನು ನಾನು. ದೊಡ್ಡವರ ಮುಂದೆ ನನ್ನ ಸಿಟ್ಟು ಒಳಗೇ ಆರಿಹೋಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂಸೆಯಿಂದ ಆರು ಮೈಲಿ ಒಳಗೆ ಸುಬ್ಬಣ್ಣನವರ ಕಾಫಿ ಎಸ್ಟೇಟು. ಅದರ ಪಕ್ಕದ ಸರ್ಕಾರಿ ಶಾಲೆಯಲ್ಲಿ ನಾನಿದ್ದೆ. ಪ್ರೇಮಲತಾಳ ತಾಯಿ ಸಿದ್ದಮ್ಮ ಅದೇ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವವಳು, ತಂದೆ ನಿಂಗಯ್ಯ ಸುಬ್ಬಣ್ಣನವರ ಜೀಪಿನ ಹಿಂದೆ ನಿಲ್ಲುವವನು. ಮನೆ ಎಂದರೆ ಎಸ್ಟೇಟಿನವರು ಆಳುಗಳಿಗೆ ಸಾಲಾಗಿ ಕಟ್ಟಿಸಿಕೊಟ್ಟ ಲೈನಿನಲ್ಲಿ ಒಂದು ಕೋಣೆ, ಒಂದು ಒಲೆ. ಹುಡುಗಿ ವಯಸ್ಸಿಗೆ ಮೀರಿ ಎತ್ತರ, ಗಂಟಲೂ ದೊಡ್ಡದು. ನಾಲ್ಕನೇ ಕ್ಲಾಸಿನಲ್ಲಿರುವಾಗ ಎದ್ದು ನಿಂತು "ಸಾರ್, ಬೋರ್ಡಿನ ಲೆಕ್ಕ ತಪ್ಪು" ಎಂದಳು. ಬೆತ್ತದಲ್ಲಿ ಎರಡು ಕೊಟ್ಟೆ. ಆಮೇಲೆ ನೋಡಿದರೆ ಲೆಕ್ಕ ತಪ್ಪೇ ಇತ್ತು. ಅದನ್ನು ಒರೆಸಿ ಸರಿಯಾಗಿ ಬರೆದೆ, ಅವಳಿಗೆ ಏನೂ ಹೇಳಲಿಲ್ಲ.

ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದಳು. ಆಗ ವಿಮಾನ ಕಂಪನಿಗಳು ನಾಯಿಕೊಡೆಗಳಂತೆ ಎದ್ದ ಕಾಲ. ಪೇಪರಿನಲ್ಲಿ ಜಾಹೀರಾತು ನೋಡಿ ಬೆಂಗಳೂರಿಗೆ ಹೋಗಿ ನಿಂತಳು, ಎತ್ತರ ಅಳೆದರು, ಮಾತಾಡಿಸಿದರು, ತೆಗೆದುಕೊಂಡರು. ಊರಿನವರು ಬಿಟ್ಟಾರೆಯೇ? ಊಟ ಬಡಿಸುವುದನ್ನು ಹೊರನಾಡಿನ ದೇವಸ್ಥಾನದಲ್ಲಿ ಮಾಡಿದರೇನು, ಆಕಾಶದಲ್ಲಿ ಮಾಡಿದರೇನು ಎಂದು ಆಡಿಕೊಂಡರು. ನಾನೂ ನಕ್ಕಿದ್ದೆ. ಮೊದಲ ರಜೆಗೆ ಬಂದವಳು ನಮ್ಮ ಮನೆಗೆ ಬಂದಾಗ ಅದನ್ನೇ ತಮಾಷೆಯಾಗಿ ಕೇಳಿದೆ.

"ಬಡಿಸೋದು ಆಮೇಲಿನ ಮಾತು ಸಾರ್" ಎಂದಳು. "ನಮ್ಮನ್ನ ಇಟ್ಕೊಂಡಿರೋದು ಬಾಗಿಲಿಗೆ. ಐವತ್ತು ಸೀಟಿಗೆ ಒಬ್ರು ಇರ್ಲೇಬೇಕು ಅಂತ ಕಾನೂನು. ನಮ್ಮ ವಿಮಾನಕ್ಕೆ ನೂರ ಎಂಬತ್ತು ಸೀಟು. ಅದಕ್ಕೆ ನಾಲ್ಕು ಜನ."

"ಪ್ರಯಾಣಿಕರು ಕಡಿಮೆ ಇದ್ರೆ?"

"ಸೀಟಿನ ಲೆಕ್ಕ ಸಾರ್, ಜನರದ್ದಲ್ಲ. ಹತ್ತೇ ಜನ ಕೂತಿದ್ರೂ ನಾವು ನಾಲ್ವರು ಇರ್ಬೇಕು. ಬೆಂಕಿ ಗಿಂಕಿ ಬಿದ್ರೆ ಒಂದೂವರೆ ನಿಮಿಷದಲ್ಲಿ ಎಲ್ರನ್ನೂ ಇಳಿಸ್ಬೇಕಾಗ್ತದೆ. ಯಾವ ಬಾಗಿಲು ತೆಗೀಬೇಕು, ಯಾವುದರ ಹೊರಗೆ ಬೆಂಕಿ ಉಂಟು ಅಂತ ನೋಡೋಕೆ ಅಲ್ಲಲ್ಲಿ ಒಬ್ರು ಬೇಡ್ವಾ?"

ವಿಮಾನ ಏಳುವಾಗ, ಇಳಿಯುವಾಗ ಅವರು ಕೈಕಟ್ಟಿ ಕೂತಿರುತ್ತಾರಂತೆ. ಆಗ ಒಳಗೊಳಗೇ ಬಾಗಿಲು ತೆಗೆಯುವ ಪಾಠವನ್ನು ಹೇಳಿಕೊಳ್ಳುತ್ತಿರುತ್ತಾರಂತೆ. "ನೋಡಿದವ್ರಿಗೆ ಸುಮ್ನೆ ಕೂತಂಗೆ ಕಾಣ್ತದೆ ಸಾರ್. ನಮ್ಮಪ್ಪ ಜೀಪಿನ ಹಿಂದೆ ಸುಮ್ನೆ ನಿಂತಂಗೆ ಕಾಣ್ತಿದ್ನಲ್ಲ, ಹಾಗೆ."

ನಾನು ಮಾತು ಬದಲಿಸಿದೆ. ಮನೆಯವಳಿಗೆ ಕಾಫಿ ತರಲು ಹೇಳಿದೆ.

ಎರಡೇ ವರ್ಷದಲ್ಲಿ ಅವಳು ನಾಲ್ವರಲ್ಲಿ ಹಿರಿಯಳಾದಳು. ಹಾರುವ ಮೊದಲು ಸಿಬ್ಬಂದಿಯ ಪಟ್ಟಿಗೆ ಸಹಿ ಹಾಕುವ ಜವಾಬ್ದಾರಿ ಅವಳದು. ಆ ನವೆಂಬರಿನಲ್ಲಿ ಒಂದು ಬೆಳಿಗ್ಗೆ, ಉತ್ತರದ ಯಾವುದೋ ಊರಿನ ನಿಲ್ದಾಣದಲ್ಲಿ, ನಾಲ್ವರಲ್ಲಿ ಒಬ್ಬಳಾದ ರಕ್ಷಾ ಎಂಬ ಹುಡುಗಿ ಜ್ವರದಿಂದ ನಡುಗುತ್ತಾ ವಾಂತಿ ಮಾಡಿಕೊಂಡು ಬಿದ್ದಳು. ಆಸ್ಪತ್ರೆಗೆ ಸಾಗಿಸಿದರು. ಇಂಥ ಹೊತ್ತಿಗೆ ಬೇಕೆಂದು ಒಬ್ಬರನ್ನು ಕಾಯಿಸಿ ಇಟ್ಟುಕೊಳ್ಳಬೇಕು. ಕಾಯುವವರಿಗೆ ಸಂಬಳ ದಂಡ ಎಂದು ಕಂಪನಿ ಅದನ್ನು ಆ ತಿಂಗಳಿಂದಲೇ ನಿಲ್ಲಿಸಿತ್ತು.

ಪಟ್ಟಿಯಲ್ಲಿ ನಾಲ್ಕು ಹೆಸರು ಅಚ್ಚಾಗಿತ್ತು. ಹಾಗೇ ಇರಲಿ, ಸಹಿ ಹಾಕು ಎಂದ ಆ ನಿಲ್ದಾಣದಲ್ಲಿದ್ದ ಕಂಪನಿಯ ಮ್ಯಾನೇಜರ್. ಹತ್ತಬೇಕಾದವರು ಅರವತ್ತೊಂದೇ ಜನ, ಐವತ್ತು ನಿಮಿಷದ ಹಾರಾಟ, ಯಾರು ಬಂದು ಎಣಿಸುತ್ತಾರೆ ಎಂದ. ಪೈಲಟ್ ಕೈಗಡಿಯಾರ ನೋಡಿಕೊಂಡನಂತೆ. ಪ್ರೇಮಲತಾ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡಳು. ಇಲ್ಲದವಳನ್ನು ಇದ್ದಾಳೆ ಎಂದು ನಾನು ಬರೆದುಕೊಡುವುದಿಲ್ಲ ಎಂದಳು.

ಮ್ಯಾನೇಜರ್ ಮಾಡಿದ್ದೇನು ಗೊತ್ತೇ? ಕಾದು ಕೂತವರ ಹತ್ತಿರ ಹೋಗಿ, ನಮ್ಮ ಸಿಬ್ಬಂದಿಯೊಬ್ಬರ ಹಟದಿಂದ ತಡವಾಗುತ್ತಿದೆ ಎಂದು ಅವಳ ಕಡೆ ಕೈ ತೋರಿಸಿದ. ಬೇರೆ ಊರಿನಿಂದ ನಾಲ್ಕನೆಯವಳನ್ನು ಕರೆಸುವವರೆಗೆ ನಾಲ್ಕು ಗಂಟೆ. ಅಷ್ಟು ಹೊತ್ತೂ ಆ ಅರವತ್ತೊಂದು ಮಂದಿ ಅವಳನ್ನು ಬೈದರು. ಮದುವೆಗೆ ಹೊರಟವನೊಬ್ಬ ಬಾಯಿಗೆ ಬಂದದ್ದನ್ನೆಲ್ಲ ಅಂದ. ಯಾರ ಜೀವಕ್ಕಾಗಿ ನಿಂತಿದ್ದಳೋ ಅವರಿಂದಲೇ ಉಗಿಸಿಕೊಂಡಳು. ಕತ್ತಿಗೆ ಟೈ ಕಟ್ಟಿಕೊಂಡು ಸುಳ್ಳು ಬರೆಸುವವನಿಗೆ ಬಡ್ತಿ, ಬರೆಯದವಳಿಗೆ ಬೀದಿ. ಸಂಸ್ಥೆಯ ಹಿತಕ್ಕೆ ವಿರುದ್ಧ ನಡೆದುಕೊಂಡಿದ್ದೀರಿ ಎಂದು ಎರಡು ಸಾಲಿನ ಪತ್ರ ಕೊಟ್ಟರು. ಮೇಲಿನವರಿಗೆ ಅವಳು ಬರೆದ ದೂರಿಗೆ ಉತ್ತರ ಬರಲಿಲ್ಲ.

ಯಾಕೆ ಸಹಿ ಹಾಕಲಿಲ್ಲ ಎಂದು ಬಸ್ ಸ್ಟ್ಯಾಂಡಿನವರು ಕೇಳುತ್ತಾರೆ. ನಿಂಗಯ್ಯ ಹಾಕಿದ ಸಹಿ ಅವರಿಗೆಲ್ಲ ಮರೆತೇಹೋಗಿದೆ.

ಅದು 1995ರ ಜನವರಿ. ಸಂಸೆಯಿಂದ ಎಸ್ಟೇಟಿಗೆ ಸುಬ್ಬಣ್ಣನವರ ಜೀಪೇ ಗತಿ. ಹತ್ತು ಜನರ ಗಾಡಿಯಲ್ಲಿ ಇಪ್ಪತ್ತು ಜನ. ದಾರಿಯಲ್ಲಿ ಒಂದು ಕೆಟ್ಟ ಏರು, ಏರಿನ ನಡುವೆ ತಿರುವು. ಅಲ್ಲಿ ಗಾಡಿ ದಮ್ಮು ಕಟ್ಟಿ ನಿಂತರೆ ಹಿಂದಕ್ಕೆ ಜಾರುತ್ತಿತ್ತು. ಕೈಬ್ರೇಕು ಎಂಬುದು ಆ ಜೀಪಿಗೆ ಅಲಂಕಾರಕ್ಕಿತ್ತು. ನಿಂಗಯ್ಯ ಹಿಂದಿನ ಮೆಟ್ಟಿಲ ಮೇಲೆ ನಿಂತಿರುತ್ತಿದ್ದ. ಎಂಜಿನ್ನಿನ ಸದ್ದು ಬದಲಾದ ಕೂಡಲೇ ಕೆಳಗೆ ಹಾರಿ, ಚಕ್ರಕ್ಕೆ ಮರದ ತುಂಡು ಅಡ್ಡ ಕೊಡುವುದು ಅವನ ಕೆಲಸ. ಡ್ರೈವರ್ ವೆಂಕಟೇಶ ಹಿಂತಿರುಗಿ ನೋಡುತ್ತಲೂ ಇರಲಿಲ್ಲ, ಅಷ್ಟು ನಂಬಿಕೆ. ಉಳಿದ ಹೊತ್ತೆಲ್ಲ ನಿಂಗಯ್ಯ ಕಂಬಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದ.

ಸುಮ್ಮನೆ ನಿಂತಿದ್ದಾನೆ ಎಂದು ಹೇಳಿದವನು ನಾನೇ. ಒಂದು ದಿನ ಜೀಪಿನಲ್ಲಿ ಜಾಗ ಸಿಗದೆ ಆರು ಮೈಲಿ ನಡೆದು ಬಂದ ಸಿಟ್ಟಿನಲ್ಲಿ ಸುಬ್ಬಣ್ಣನವರಿಗೆ ಅಂದೆ: "ಅಲ್ಲ ಸಾಹುಕಾರ್ರೇ, ಆ ಒಬ್ಬ ಸುಮ್ನೆ ನಿಲ್ಲೋ ಜಾಗದಲ್ಲಿ ಇಬ್ರು ಕೂರಬಹುದಲ್ಲ?" ಅವರಿಗೆ ಮಾತು ಹಿಡಿಸಿತು. ಮರುವಾರವೇ ನಿಂಗಯ್ಯನನ್ನು ತೋಟದ ಕೆಲಸಕ್ಕೆ ಹಾಕಿ, ಹಿಂದಿನ ಬಾಗಿಲಿಗೆ ಅಡ್ಡ ಹಲಗೆ ಬಡಿಸಿ ಎರಡು ಸೀಟು ಮಾಡಿಸಿದರು.

ಮೂರನೇ ದಿನ ಜೀಪು ಆ ತಿರುವಿನಲ್ಲಿ ನಿಂತಿತು, ಹಿಂದಕ್ಕೆ ಜಾರಿತು, ಚರಂಡಿಗೆ ಮಗುಚಿಕೊಂಡಿತು. ನಾನೂ ಅದರಲ್ಲಿದ್ದೆ. ಸಿದ್ದಮ್ಮನ ಜೊತೆ ಹಣ್ಣು ಕೊಯ್ಯುತ್ತಿದ್ದ ತಂಗಮ್ಮ ಗಾಡಿಯಡಿ ಸಿಕ್ಕಿ ಅಲ್ಲೇ ಹೋದಳು. ಅವಳ ಗಂಡ ಬೊಮ್ಮಯ್ಯ ಆಗ ಕುದುರೆಮುಖದ ಗಣಿ ಕಂಪನಿಯಲ್ಲಿ ಕಂಟ್ರಾಕ್ಟ್ ಕೂಲಿ. ವಾರಕ್ಕೊಮ್ಮೆ ಮನೆಗೆ ಬರುವವನು ಅವತ್ತು ಹೆಣ ನೋಡಲು ಬಂದ.

ಸುಬ್ಬಣ್ಣನವರು ಪೊಲೀಸರಿಗೆ ಹೇಳಿದ್ದು ಹೀಗೆ: ನಿಂಗಯ್ಯ ಜೀಪಿನಲ್ಲೇ ಇದ್ದ, ಅಡ್ಡ ಕೊಡುವುದು ತಡ ಮಾಡಿದ. ಹೇಳಿಕೆಗೆ ನಿಂಗಯ್ಯನ ಸಹಿ ಬೇಕಿತ್ತು. ಹಾಕದಿದ್ದರೆ ಲೈನ್ ಮನೆ ಖಾಲಿ ಮಾಡು ಎಂದರು. ಹಾಕಿದ. ಸಾಕ್ಷರತಾ ತರಗತಿಯಲ್ಲಿ ಅವನಿಗೆ ಹೆಸರು ಬರೆಯಲು ಕಲಿಸಿದವನು ನಾನು. ಎಂಟು ತಿಂಗಳು ತಿದ್ದಿ ಕಲಿತ ಆ ಸೊಟ್ಟ ಅಕ್ಷರಗಳನ್ನು ಅವನು ಬದುಕಿನಲ್ಲಿ ಮೊದಲ ಸಲ ಕಾಗದಕ್ಕೆ ಇಳಿಸಿದ್ದು ಆ ಸುಳ್ಳಿನ ಕೆಳಗೆ. ಜೀಪಿನಲ್ಲಿದ್ದ ಉಳಿದವರೆಲ್ಲ ಸುಬ್ಬಣ್ಣನವರ ಆಳುಗಳು, ಅವರು ಬಾಯಿ ಬಿಡುವ ಹಾಗಿರಲಿಲ್ಲ. ಪೊಲೀಸರು ನನ್ನನ್ನೂ ಕೇಳಿದರು. ಹಿಂದೆ ಯಾರು ನಿಂತಿದ್ದರೋ ನಾನು ಗಮನಿಸಲಿಲ್ಲ ಎಂದೆ.

ಅಲ್ಲಿಂದ ಬೊಮ್ಮಯ್ಯ ನಿಂಗಯ್ಯನ ಮುಖ ನೋಡಲಿಲ್ಲ. ಒಂದೇ ಲೈನಿನ ಎರಡು ತುದಿಯ ಮನೆ, ನೀರು ಹಿಡಿಯುವ ನಲ್ಲಿ ಒಂದೇ, ಹದಿಮೂರು ವರ್ಷ ಮಾತಿಲ್ಲ. ಶಾಲೆಯಲ್ಲಿ ಒಂದು ದಿನ ನನ್ನ ಬೆನ್ನ ಹಿಂದೆ ಒಬ್ಬ ಹುಡುಗಿ "ನಿಮ್ಮಪ್ಪ ತಂಗಮ್ಮನ್ನ ಕೊಂದದ್ದು" ಎಂದು ಪ್ರೇಮಲತಾಳಿಗೆ ಹೇಳಿದ್ದು ಕೇಳಿಸಿತು. ನಾನು ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದೆ.

ಕೆಲಸ ಕಳೆದುಕೊಂಡು ಬಂದ ಮೂರನೇ ದಿನ ಬೆಳಿಗ್ಗೆ ಅವಳು ಸಂಸೆಯ ನಮ್ಮ ಮನೆಗೆ ಬಂದಳು. ನಾನು ನಿವೃತ್ತನಾಗಿ ವರ್ಷವಾಗಿತ್ತು. ವಿಮಾನದ ಕಥೆಯನ್ನೆಲ್ಲ ಹೇಳಿದಳು. ಅಳಲಿಲ್ಲ. ನಾನು ಆ ಮ್ಯಾನೇಜರನ ಕುಲವನ್ನೆಲ್ಲ ಬೈದೆ, ಕೋರ್ಟಿಗೆ ಹೋಗು ಎಂದೆ, ಇಂಥವರಿಂದಲೇ ದೇಶ ಹಾಳಾಗಿದ್ದು ಎಂದೆ. ಅವಳು ನನ್ನ ಮಾತು ಮುಗಿಯಲಿ ಎಂದು ಕಾದಳು.

"ಸಾರ್, ಅಪ್ಪ ನಿಲ್ತಿದ್ದ ಜಾಗದಲ್ಲಿ ಅವತ್ತು ಯಾರು ಕೂತಿದ್ರು?"

ಒಳಗೆ ಮನೆಯವಳು ಪಾತ್ರೆ ತೊಳೆಯುವ ಸದ್ದು ನಿಂತಿತು.

"ನಾನು" ಎಂದೆ.

"ಗೊತ್ತು. ಅಪ್ಪ ಯಾವತ್ತೋ ಹೇಳಿದ್ದಾನೆ. ಯಾರ ಹತ್ರನೂ ಹೇಳ್ಬೇಡ, ಮೇಷ್ಟ್ರು ಒಳ್ಳೆಯವ್ರು ಅಂತಾನೂ ಹೇಳಿದ್ದಾನೆ." ಆಗ ಅವಳ ದನಿ ಏರಿತು. "ಒಳ್ಳೆಯವ್ರು ಅಂತೆ. ನಂಗೆ ಕೆಲ್ಸ ಹೋದದ್ದಕ್ಕೆ ಸಿಟ್ಟಿಲ್ಲ ಸಾರ್. ಇನ್ನೊಂದು ಹುಡುಕ್ತೇನೆ. ಅಪ್ಪ ಆ ನಲ್ಲಿ ಹತ್ರ ತಲೆ ತಗ್ಗಿಸ್ಕೊಂಡು ಹೋಗೋದು ನೋಡಿದ್ರೆ ಮೈ ಉರೀತದೆ. ಎದ್ದೇಳಿ. ಬೊಮ್ಮಯ್ಯಣ್ಣನ ಮುಂದೆ ಬಂದು ಹೇಳಿ."

ಹೋದೆವು. ಈಗ ಆ ದಾರಿಯಲ್ಲಿ ಸುಬ್ಬಣ್ಣನವರ ಮೂರು ಜೀಪು ಓಡುತ್ತವೆ. ನಾವು ಹತ್ತಲಿಲ್ಲ, ನಡೆದೇ ಹೋದೆವು. ತಿರುವಿನಲ್ಲಿ ಅವಳು ಒಂದು ಗಳಿಗೆ ನಿಂತು ಚರಂಡಿಯ ಕಡೆ ನೋಡಿ ಮತ್ತೆ ನಡೆದಳು.

ಬೊಮ್ಮಯ್ಯ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಗಣಿ ಮುಚ್ಚಿದ ಮೇಲೆ ಅವನಿಗೂ ತೋಟದ ಕೆಲಸವೇ. ನಲ್ಲಿಯ ಬಳಿ ನಿಂಗಯ್ಯ ಕೊಡ ಹಿಡಿದು ನಿಂತಿದ್ದವನು ನಮ್ಮನ್ನು ಕಂಡು ಒಳಗೆ ಹೋಗಲು ನೋಡಿದ. ಅಲ್ಲೇ ಇರು ಅಪ್ಪ ಎಂದಳು ಮಗಳು.

ನಾನು ಹೇಳಿದೆ. ನಿಂಗಯ್ಯ ಅವತ್ತು ಜೀಪಿನಲ್ಲಿ ಇರಲಿಲ್ಲ, ಮನೆ ಖಾಲಿ ಮಾಡಿಸುತ್ತೇವೆ ಎಂದು ಹೆದರಿಸಿ ಸಹಿ ಹಾಕಿಸಿಕೊಂಡರು, ಅವನ ಜಾಗ ತೆಗೆಸಿದ ಮಾತು ನನ್ನದು, ಅಲ್ಲಿ ಕೂತಿದ್ದವನೂ ನಾನು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಪ್ರೇಮಲತಾಳಿಗೂ ಗೊತ್ತಿಲ್ಲದ್ದನ್ನು ಯಾಕೆ ಹೇಳಿದೆನೋ, ಬಾಯಿಂದ ಬಂದುಬಿಟ್ಟಿತು. ಮರದ ತುಂಡು ನನ್ನ ಕಾಲ ಕೆಳಗೇ ಇತ್ತು. ಅಡ್ಡ ಕೊಡಿ ಎಂದು ವೆಂಕಟೇಶ ಮೂರು ಸಲ ಕೂಗಿದ. ನಾನು ಜೀವ ಉಳಿಸಿಕೊಳ್ಳಲು ಹೊರಗೆ ಹಾರಿದೆ, ತುಂಡು ಜೀಪಿನಲ್ಲೇ ಉಳಿಯಿತು.

ಬೊಮ್ಮಯ್ಯ ಕೊಡಲಿಯನ್ನು ಸೌದೆಗೆ ಒರಗಿಸಿ ಇಟ್ಟ. ನಿಂಗಯ್ಯನ ಕಡೆ ನೋಡಿದ. ಹೋಗಿ ಅವನ ಕೈಯಿಂದ ಕೊಡ ತೆಗೆದುಕೊಂಡು ನಲ್ಲಿಯಡಿ ಇಟ್ಟ. ಆಮೇಲೆ ನನ್ನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡೆ, ಹೊಡೆದರೂ ಹೊಡೆಯಲಿ ಎಂದುಕೊಂಡೆ.

"ಅವ್ನು ಬಾಯಿ ಬಿಟ್ಟಿದ್ರೆ ಮನೆ ಹೋಗ್ತಿತ್ತು" ಎಂದ. "ಈ ಹುಡುಗಿ ಬಾಯಿ ಬಿಟ್ಟು ಕೆಲ್ಸ ಹೋಯ್ತು. ನಿಮ್ದು ಏನು ಹೋಗ್ತಿತ್ತು ಮೇಷ್ಟ್ರೇ?"

ನನ್ನದು ಸರ್ಕಾರಿ ಕೆಲಸ, ಸ್ವಂತ ಮನೆ. ಸುಬ್ಬಣ್ಣನವರು ನನ್ನನ್ನು ಏನೂ ಮಾಡುವ ಹಾಗಿರಲಿಲ್ಲ. ಅವರ ಜೀಪಿನಲ್ಲಿ ಒಂದು ಸೀಟು ಹೋಗುತ್ತಿತ್ತು, ಅಷ್ಟೇ.