ಸೀರೆಗೆ ಹತ್ತಿದ ಹೊಸ ವಾಸನೆ

ಮೊದಲು ಗಂಟಲು ಕೆರೆಯಿತು. ಅಷ್ಟೇ.

ನಮ್ಮೂರಿನ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ ನಾನು. ಹನ್ನೊಂದು ವರ್ಷದಿಂದ ಹಳೇ ಪುಸ್ತಕದ ದೂಳು, ಪತ್ರಿಕೆಯ ದೂಳು, ಎದುರಿನ ರಸ್ತೆಯಲ್ಲಿ ಚಿಂತಾಮಣಿ ಕಡೆಗೆ ಓಡುವ ಜಲ್ಲಿ ಲಾರಿಗಳ ದೂಳು ಎಲ್ಲವನ್ನೂ ಕುಡಿದವಳು. ಗಂಟಲು ಕೆರೆದದ್ದನ್ನೆಲ್ಲ ಕಾಯಿಲೆ ಅಂದುಕೊಂಡರೆ ಸಂಸಾರ ನಡೆಯುವುದಿಲ್ಲ. ಎರಡು ಕಾಳು ಮೆಣಸು ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಹೋದೆ.

ಆಗ ಕಂಪ್ಯೂಟರುಗಳು ಬಂದು ಮೂರು ವಾರವಾಗಿತ್ತು. ಎಂಟು ಕಂಪ್ಯೂಟರು, ಒಂದು ದೊಡ್ಡ ಟಿವಿ, ಒಂದು ಪ್ರಿಂಟರು. ಜೊತೆಗೆ ಹೊಸ ಪ್ಲೈವುಡ್ ಮೇಜುಗಳು, ಹೊಸ ಕುರ್ಚಿಗಳು. ಎಲ್ಲವೂ ಒಂದೇ ಕೋಣೆಯಲ್ಲಿ. ಪಂಚಾಯ್ತಿ ಅಧ್ಯಕ್ಷರು ಬಂದು ಟೇಪು ಕತ್ತರಿಸಿದರು. ಎಂಟು ಮಾನಿಟರಿಗೂ ಅರಿಶಿನ ಕುಂಕುಮ ಇಟ್ಟು ಊದುಕಡ್ಡಿ ಹಚ್ಚಿದೆವು. ಮಾನಿಟರಿನ ಮೇಲಿನ ತೆಳ್ಳನೆ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕೀಳಲಿಲ್ಲ, ಕುರ್ಚಿಯ ಕವರನ್ನೂ ಬಿಚ್ಚಲಿಲ್ಲ. ನಮ್ಮಲ್ಲಿ ಹೊಸ ಸಾಮಾನು ಹೊಸದಾಗಿಯೇ ಇರಬೇಕು. ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿನ ಪ್ಲಾಸ್ಟಿಕ್ಕು ಮಗಳು ಹುಟ್ಟಿ ಶಾಲೆಗೆ ಸೇರುವವರೆಗೂ ಹಾಗೇ ಇತ್ತು.

ಆ ವಾಸನೆ ನನಗೆ ಇಷ್ಟವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಹೊಸ ಚಪ್ಪಲಿಯ ಡಬ್ಬ ತೆರೆದಾಗ ಬರುವ ವಾಸನೆಗೆ ಸ್ವಲ್ಪ ಸಿಹಿ ಬೆರೆಸಿದ ಹಾಗಿತ್ತು. ಬೆಳಗ್ಗೆ ಬೀಗ ತೆಗೆದು ಎಂಟನ್ನೂ ಆನ್ ಮಾಡಿ, ಅವು ಬಿಸಿಯಾಗುತ್ತಿದ್ದಂತೆ ವಾಸನೆ ಏಳುವಾಗ ನಾನು ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಮುರುಕು ಕುರ್ಚಿಯಲ್ಲಿ ಕೂತವಳಿಗೆ ಅದು ಮರ್ಯಾದೆಯ ವಾಸನೆಯಂತಿತ್ತು.

ಕಂಪ್ಯೂಟರಿಗೆ ದೂಳು ಆಗದು ಎಂದು ಹೇಳಿದ್ದರು. ಹಾಗಾಗಿ ಕೋಣೆಯ ಮೂರು ಕಿಟಕಿಗಳನ್ನೂ ಪ್ಲೈವುಡ್ ಹೊಡೆದು ಮುಚ್ಚಿಸಿದರು. ಮುಚ್ಚಿಸಿ ಎಂದು ಪಂಚಾಯ್ತಿಗೆ ಅರ್ಜಿ ಬರೆದದ್ದು ನಾನೇ.

ಮನೆಯಲ್ಲಿ ಆ ವಾಸನೆಯನ್ನು ಮೊದಲು ಹಿಡಿದವರು ನನ್ನ ಅತ್ತೆ ವೆಂಕಟಮ್ಮ. ಅವರು ಆಂಧ್ರದ ಗಡಿಯ ಊರಿನಿಂದ ಬಂದವರು. ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾರೆ. ಮನೆಯ ಹಿಂದೆಯೇ ನಮ್ಮ ಹುಳುಮನೆ. ಹುಳುವಿಗೆ ವಾಸನೆ ಆಗುವುದಿಲ್ಲ. ಸೆಂಟು ಹಾಕಿದವರು, ಬೀಡಿ ಸೇದಿದವರು, ತಲೆಗೆ ವಾಸನೆ ಎಣ್ಣೆ ಹಚ್ಚಿದವರು ಯಾರೂ ಅತ್ತೆಯನ್ನು ದಾಟಿ ಒಳಗೆ ಹೋಗುವಂತಿಲ್ಲ. ನನ್ನ ಗಂಡ ಆನಂದನನ್ನೇ ಶೇವಿಂಗ್ ಕ್ರೀಮಿನ ವಾಸನೆಗೆ ಬಾಗಿಲಿನಿಂದ ವಾಪಸ್ ಕಳಿಸಿದ್ದುಂಟು.

ಒಂದು ಸಂಜೆ ಸೊಪ್ಪು ಹಾಕಲು ಹೋದರೆ ಕೈ ಅಡ್ಡ ಹಿಡಿದರು.

“ವದ್ದಮ್ಮಾ, ಅಲ್ಲೇ ನಿಲ್ಲು. ಸೀರೇಲಿ ಏನೋ ವಾಸ್ನೆ ಐತೆ.”

ನನ್ನ ಸೆರಗನ್ನು ಮೂಗಿಗೆ ಹಿಡಿದು ಮೂಸಿದರು. ಮುಖ ಕಿವುಚಿದರು. ಅಂದಿನಿಂದ ಕೆಲಸದಿಂದ ಬಂದವಳು ಬಚ್ಚಲಲ್ಲಿ ಸೀರೆ ಬಿಚ್ಚಿಟ್ಟು, ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಹುಳುಮನೆಗೆ ಹೋಗುವುದು ಅಭ್ಯಾಸವಾಯಿತು. ನನಗೆ ಒಳಗೊಳಗೇ ಸಿಟ್ಟು. ಅತ್ತೆಗೆ ನನ್ನ ಕೆಲಸದ ಮೇಲೆ ಕಣ್ಣು ಎಂದುಕೊಂಡೆ. ಹುಳುವನ್ನು ಅಷ್ಟು ಜೋಪಾನ ಮಾಡುವ ಮನೆಯಲ್ಲಿ, ಆ ವಾಸನೆಯಲ್ಲೇ ದಿನಕ್ಕೆ ಏಳು ಗಂಟೆ ಕೂತು ಬರುವವಳ ಬಗ್ಗೆ ಯಾರೂ ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ಆಮೇಲೆ ತಲೆನೋವು ಬಂತು. ಮಧ್ಯಾಹ್ನದ ಹೊತ್ತಿಗೆ ಹಣೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ ಹಾಗೆ. ನಂತರ ಎದೆ ಬಿಗಿತ. ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕು. ಚಿಂತಾಮಣಿಯ ಡಾಕ್ಟರು ಇಸಿಜಿ ಮಾಡಿಸಿದರು. ನಾರ್ಮಲ್. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಅದು ಮುಗಿದ ಮೇಲೆ ಟೆನ್ಷನ್ ಮಾತ್ರೆ ಕೊಟ್ಟರು. ಮನೆಯಲ್ಲಿ ಏನಾದರೂ ಸಮಸ್ಯೆ ಇದೆಯಾ ಎಂದು ಆನಂದನನ್ನು ಹೊರಗೆ ಕಳಿಸಿ ಕೇಳಿದರು. ಇಲ್ಲ ಅಂದೆ. ಇದ್ದರೂ ಅದು ಗಂಟಲಲ್ಲಿ ಇರಲಿಲ್ಲ.

ಹಬ್ಬಕ್ಕೆ ಮೂರು ದಿನ ಗ್ರಂಥಾಲಯ ಮುಚ್ಚಿತ್ತು. ಆ ಮೂರು ದಿನ ನಾನು ಚೆನ್ನಾಗಿದ್ದೆ. ಒಬ್ಬಟ್ಟು ತಟ್ಟಿದೆ, ಮನೆ ಸಾರಿಸಿದೆ. ಮಾತ್ರೆ ಕೆಲಸ ಮಾಡುತ್ತಿದೆ ಎಂದುಕೊಂಡೆ. ನಾಲ್ಕನೆಯ ದಿನ ಬೆಳಗ್ಗೆ ಬೀಗ ತೆಗೆದೆ. ಮೂರು ದಿನ ಮುಚ್ಚಿದ್ದ ಕೋಣೆಯ ವಾಸನೆ ಮುಖಕ್ಕೆ ಹೊಡೆಯಿತು. ಎಂಟು ಕಂಪ್ಯೂಟರನ್ನೂ ಆನ್ ಮಾಡಿ ಕುರ್ಚಿಯಲ್ಲಿ ಕೂತೆ. ಪುಸ್ತಕ ವಾಪಸ್ ಕೊಡಲು ಬಂದ ಅಂಗನವಾಡಿ ಟೀಚರು ಏನೋ ಕೇಳಿದರು. ಉತ್ತರ ಕೊಡಲು ಬಾಯಿ ತೆರೆದೆ.

ಉಸಿರು ಒಳಗೆ ಬರಲಿಲ್ಲ.

ಎದೆಯಲ್ಲಿ ಸೀಟಿ ಊದಿದ ಸದ್ದು ಬರುತ್ತಿತ್ತು. ಅದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಟೀಚರು ಕೂಗಿಕೊಂಡು ಪಕ್ಕದ ಪಂಚಾಯ್ತಿ ಆಫೀಸಿನವರನ್ನು ಕರೆತಂದರು. ಆಟೋದಲ್ಲಿ ಚಿಂತಾಮಣಿಗೆ ಹೋಗುವಾಗ ದಾರಿಯುದ್ದಕ್ಕೂ ಅಂಬಾಜಿದುರ್ಗದ ಬೆಟ್ಟ ಕಾಣುತ್ತಿತ್ತು. ಸಾಯುತ್ತೇನೆಂಬ ಹೆದರಿಕೆ ಬರಬೇಕಿತ್ತು. ಬರಲಿಲ್ಲ. ಪುಸ್ತಕದ ಬೀರುವಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮಾತ್ರ ಯೋಚಿಸುತ್ತಿದ್ದೆ. ಮುಖಕ್ಕೆ ನೆಬ್ಯುಲೈಸರ್ ಹಿಡಿದಾಗಲೂ ಅದೇ ಯೋಚನೆ.

ಅಲ್ಲಿಂದ ಚಿಕ್ಕಬಳ್ಳಾಪುರದ ಎದೆರೋಗದ ಡಾಕ್ಟರ ಹತ್ತಿರ ಕಳಿಸಿದರು. ಎಕ್ಸ್‌ರೇ, ರಕ್ತ ಪರೀಕ್ಷೆ, ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆಯಲ್ಲಿ ಜೋರಾಗಿ ಊದಿಸುತ್ತಾರೆ. ಊದಿ ಊದಿ ಕಣ್ಣಿಗೆ ಕತ್ತಲೆ ಬಂತು. ಡಾಕ್ಟರು ವರದಿ ನೋಡಿ ಅಸ್ತಮಾ ಅಂದರು.

ನಲವತ್ತೊಂದು ವರ್ಷಕ್ಕೆ ಇದ್ದಕ್ಕಿದ್ದಂತೆ ಏಕೆ ಬಂತು ಎಂದು ಆನಂದ ಕೇಳಿದ. ಮನೆಯಲ್ಲಿ ಏನು ಮಾಡುತ್ತೀರಿ ಎಂದು ಅವರು ತಿರುಗಿ ಕೇಳಿದರು. ರೇಷ್ಮೆ ಹುಳು ಎಂದ ಕೂಡಲೇ ಅವರಿಗೆ ಉತ್ತರ ಸಿಕ್ಕಿಬಿಟ್ಟಿತು. ಹುಳುಮನೆಯ ದೂಳಿಗೆ ಎಷ್ಟೋ ಜನರಿಗೆ ಅಸ್ತಮಾ ಬರುತ್ತದಂತೆ, ಈ ಕಡೆಯಿಂದ ಅಂಥವರು ಬರುತ್ತಲೇ ಇರುತ್ತಾರಂತೆ. ಹುಳು ಸಾಕುವುದು ನಿಲ್ಲಿಸಿ, ಇಲ್ಲದಿದ್ದರೆ ಇವರನ್ನು ಆ ಮನೆಯಿಂದ ದೂರ ಇಡಿ ಅಂದರು. ಆನಂದ ನನ್ನ ಮುಖ ನೋಡಿದ. ಹುಳು ನಿಲ್ಲಿಸಿದರೆ ಅತ್ತೆಗೆ ಉಳಿಯುವುದೇನು. ನಾನು ದೂರ ಹೋಗುವುದಾದರೆ ಎಲ್ಲಿಗೆ. ನಾನು ಅವನ ಶರ್ಟಿನ ಗುಂಡಿ ನೋಡುತ್ತಾ ಕೂತಿದ್ದೆ.

ಆಗ ಬಾಗಿಲ ಬಳಿ ನಿಂತಿದ್ದ ಅತ್ತೆ ಮಾತಾಡಿದರು.

“ಸ್ವಾಮಿ, ಹದಿನಾರು ವರ್ಷದಿಂದ ಇವಳು ಹುಳದ ಮನೇಲೇ ಐದಾಳೆ. ಒಂದಿನ ಕೆಮ್ಮಿದೋಳಲ್ಲ. ಕಂಪ್ಯೂಟ್ರು ಬಂದ ಮೇಲೆ ಇವಳ ಸೀರೇಲಿ ವಾಸ್ನೆ ಬಂತು. ವಾಸ್ನೆ ಬಂದ ಮೇಲೆ ಕೆಮ್ಮು ಬಂತು. ಹುಳಕ್ಕಾಗಲ್ಲ ಅಂತ ನಾನೇ ಸೀರೆ ಬಿಚ್ಚಿಸ್ದೆ. ಹುಳನ ಕಾಪಾಡ್ಕೊಂಡೆ. ಇವಳನ್ನ ನೋಡ್ಲಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಹೊಸ ಪ್ಲಾಸ್ಟಿಕ್ಕು, ಅಂಟು, ಪ್ಲೈವುಡ್ ಇವುಗಳಿಂದ ಏಳುವ ರಾಸಾಯನಿಕ ಕೆಲವರ ಶ್ವಾಸಕೋಶಕ್ಕೆ ಆಗುವುದಿಲ್ಲ, ಮುಚ್ಚಿದ ಕೋಣೆಯಲ್ಲಾದರೆ ಇನ್ನೂ ಹೆಚ್ಚು, ಇರಬಹುದು ಎಂದರು. ಆದರೆ ಹುಳುವೋ ಕಂಪ್ಯೂಟರೋ ಎಂದು ಅವರು ಊಹೆಯಿಂದ ಹೇಳಲಾರರು. ಒಂದು ಪೀಕ್ ಫ್ಲೋ ಮೀಟರ್ ಬರೆದುಕೊಟ್ಟರು. ಊದಿದರೆ ಉಸಿರಿನ ಬಲ ಎಷ್ಟೆಂದು ತೋರಿಸುವ ಪುಟ್ಟ ಕೊಳವೆ. ಕೆಲಸದ ದಿನ, ರಜೆಯ ದಿನ ಎರಡೂ ಬರೆದು ಒಂದು ತಿಂಗಳ ಲೆಕ್ಕ ತರಬೇಕು. ಜೊತೆಗೆ ಎರಡು ಇನ್‌ಹೇಲರ್. ಹುಳುಮನೆಗೆ ಮಾಸ್ಕ್ ಇಲ್ಲದೆ ಹೋಗಕೂಡದು.

ಅತ್ತೆಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಹುಳುಮನೆಯ ಥರ್ಮಾಮೀಟರು, ತೇವದ ಮೀಟರು ನೋಡಿ ಶಾಖ ಎಷ್ಟು, ತೇವ ಎಷ್ಟು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವವರು ಅವರೇ. ಈಗ ಅದರ ಕೆಳಗೆ ನನ್ನ ಉಸಿರಿನ ಅಂಕಿಯೂ ಸೇರಿತು. ರಜೆಯ ದಿನ ಮುನ್ನೂರ ಅರವತ್ತು. ಕೆಲಸದ ದಿನ ಸಂಜೆ ಇನ್ನೂರ ಅರವತ್ತು, ಇನ್ನೂರ ನಲವತ್ತು. ಅಂಕಿ ಇಳಿಯುವುದನ್ನು ನಾನು ಪಕ್ಕದ ಮನೆಯವರ ಕರೆಂಟ್ ಬಿಲ್ಲಿನ ಹಾಗೆ ನೋಡುತ್ತಿದ್ದೆ. ಮಗಳು ಅಪ್ಪನ ಹತ್ತಿರ ಅಮ್ಮ ನಗುವುದೇ ಇಲ್ಲ ಅಂದಳಂತೆ. ನನಗೆ ಅಳುವೂ ಬರುತ್ತಿರಲಿಲ್ಲ. ಆದರೆ ಅದನ್ನು ಯಾರೂ ಕಾಯಿಲೆ ಅನ್ನಲಿಲ್ಲ.

ಕಿಟಕಿ ತೆಗೆಸಿ ಎಂದು ಪಂಚಾಯ್ತಿಗೆ ಇನ್ನೊಂದು ಅರ್ಜಿ ಕೊಟ್ಟೆ. ಪಿಡಿಒ ಮೇಡಂ ಹಳೆಯ ಅರ್ಜಿ ತೆಗೆದು ಪಕ್ಕದಲ್ಲಿಟ್ಟರು. ಎರಡೂ ನನ್ನದೇ ಅಕ್ಷರ. ಮೊದಲು ಮುಚ್ಚಿ ಅಂತೀರಿ, ಈಗ ತೆಗೀರಿ ಅಂತೀರಿ ಎಂದು ಅವರು ಕೇಳಿದರು. ಆಗದಿದ್ದರೆ ಬೇರೆಯವರನ್ನು ನೋಡೋಣ ಎಂದು ಸದಸ್ಯರೊಬ್ಬರು ಮೆಲ್ಲಗೆ ಅಂದರು. ಹನ್ನೊಂದು ವರ್ಷದ ಕೆಲಸ. ಸರಿ ಸಾರ್ ಎಂದು ಎದ್ದು ಬಂದೆ. ಕಾಯಿಲೆ ನನ್ನಿಂದ ಕಿತ್ತುಕೊಂಡದ್ದು ಉಸಿರನ್ನು ಮಾತ್ರ ಎಂದು ಡಾಕ್ಟರ ಚೀಟಿಯಲ್ಲಿತ್ತು. ಜಗಳ ಮಾಡುವ ಶಕ್ತಿಯೂ ಹೋಗಿತ್ತು.

ಅದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

ಮರುದಿನ ಮಧ್ಯಾಹ್ನ ಅತ್ತೆ ಗ್ರಂಥಾಲಯಕ್ಕೆ ಬಂದರು. ಕಂಕುಳಲ್ಲಿ ಬಿದಿರಿನ ತಟ್ಟೆ, ಮೇಲೆ ಒದ್ದೆ ಬಟ್ಟೆ. ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಇಪ್ಪತ್ತು ಹುಳು. ಬೆರಳುದ್ದ ಬೆಳೆದು, ಇನ್ನೊಂದು ವಾರಕ್ಕೆ ಗೂಡು ಕಟ್ಟುವ ಹುಳು. ಪಿಡಿಒ ಮೇಡಮ್ಮನ್ನೂ ಇಬ್ಬರು ಸದಸ್ಯರನ್ನೂ ಪಕ್ಕದ ಆಫೀಸಿನಿಂದ ಕರೆತಂದರು. ತಟ್ಟೆಯನ್ನು ಕಂಪ್ಯೂಟರುಗಳ ಮಧ್ಯೆ ಇಟ್ಟು ಬಾಗಿಲು ಮುಚ್ಚಿಸಿದರು. ಈ ಗಾಳಿಯಲ್ಲಿ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ನಿಲ್ಲುತ್ತವೆ, ನೀವೇ ನೋಡಿ ಎಂದರು. ನಾವೆಲ್ಲ ಹೊರಗೆ ಜಗಲಿಯಲ್ಲಿ ಅರ್ಧ ಗಂಟೆ ನಿಂತೆವು. ನಲವತ್ತು ವರ್ಷದ ಅನುಭವದ ಮೇಲೆ ನನಗೂ ನಂಬಿಕೆಯಿತ್ತು.

ಬಾಗಿಲು ತೆಗೆದೆವು.

ಹುಳು ತಿನ್ನುತ್ತಿದ್ದವು. ಚರಚರ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಅರ್ಧ ಸೊಪ್ಪಿನಲ್ಲಿ ಆಗಲೇ ದಂಟು ಮಾತ್ರ ಉಳಿದಿತ್ತು.

ಒಬ್ಬ ಸದಸ್ಯರು ನಕ್ಕರು. ಹುಳಾನೇ ಗಡದ್ದಾಗಿ ತಿಂತಾವೆ, ಲೈಬ್ರರಿ ಮೇಡಮ್ಮಂಗೇನಾಗಿದೆ ಅಂದರು. ಅವರದು ಕೆಟ್ಟ ನಗುವಲ್ಲ, ಬಂದ ನಗು ನಕ್ಕರು. ನಾನಾಗಿದ್ದರೂ ನಗುತ್ತಿದ್ದೆ. ನನಗೆ ಕೆಲಸ ಹೋಯಿತು ಅನ್ನುವುದು ಅಲ್ಲೇ ಖಾತ್ರಿಯಾಯಿತು.

ಅತ್ತೆ ತಟ್ಟೆಯನ್ನು ನೋಡುತ್ತಾ ನಿಂತರು. ಸೋತದ್ದನ್ನು ಅವರು ಯಾರ ಮುಂದೆಯೂ ಒಪ್ಪಿಕೊಂಡವರಲ್ಲ. ಅವತ್ತು ಒಪ್ಪಿಕೊಂಡರು.

“ನಾನಂದಿದ್ದು ಸುಳ್ಳಾಯ್ತು, ತಿಂತಾವೆ,” ಅಂದರು. ಆಮೇಲೆ ಪಿಡಿಒ ಮೇಡಂ ಕಡೆ ತಿರುಗಿದರು. “ಹುಳ ಬದುಕೋದು ಇನ್ನೊಂದು ವಾರ ಕಣಮ್ಮಾ. ಒಂದು ವಾರ ಎಂಥಾದ್ದನ್ನೂ ತಡ್ಕಂತವೆ. ನನ್ನ ಸೊಸೆ ಇನ್ನೂ ಮೂವತ್ತು ವರ್ಷ ಬಾಳ್ಬೇಕು.”

ಅತ್ತೆ ಸೊಂಟದಿಂದ ಮಡಿಸಿದ ಕ್ಯಾಲೆಂಡರಿನ ಹಾಳೆ ತೆಗೆದು ಮೇಡಂ ಕೈಗೆ ಕೊಟ್ಟರು. ಹೊಸ ಹುಳು ತರುವ ಮೊದಲು ಔಷಧಿ ಹೊಡೆದ ಹುಳುಮನೆಯನ್ನು ಬಾಗಿಲು ಕಿಟಕಿ ತೆಗೆದು ಹಗಲೆಲ್ಲ ಗಾಳಿಗೆ ಬಿಡುತ್ತೇವೆ, ಇಲ್ಲೂ ಅಷ್ಟು ಮಾಡಿ, ಮಿಕ್ಕಿದ್ದು ದೇವರಿಗೆ ಬಿಟ್ಟದ್ದು ಎಂದು ಹೇಳಿದರು. ಮೇಡಂ ಹಾಳೆಯ ಅಂಕಿಗಳನ್ನು ನಿಂತಲ್ಲೇ ನೋಡಿದರು. ರಜೆಯ ದಿನ ಯಾವುದು, ಕೆಲಸದ ದಿನ ಯಾವುದು ಎಂದು ನನ್ನನ್ನು ಕೇಳಿದರು. ಬೆರಳಿಟ್ಟು ತೋರಿಸಿದೆ. ಎರಡು ದಿನ ಬಿಟ್ಟು ಬಡಗಿ ಬಂದು ಮೂರು ಕಿಟಕಿಯ ಪ್ಲೈವುಡ್ಡನ್ನೂ ಕಿತ್ತ. ಮಾನಿಟರುಗಳ ಪ್ಲಾಸ್ಟಿಕ್ ಹಾಳೆಯನ್ನು, ಕುರ್ಚಿಯ ಕವರನ್ನು ನಾನೇ ಬಿಚ್ಚಿ ಹೊರಗೆ ಹಾಕಿದೆ. ನನ್ನ ಮೇಜು ಜಗಲಿಗೆ ಬಂತು.

ಇದಾಗಿ ಐದು ತಿಂಗಳು. ಕೋಣೆಯ ವಾಸನೆ ಬಹಳ ಕಡಿಮೆಯಾಗಿದೆಯಂತೆ. ಬೇರೆಯವರು ಹೇಳುತ್ತಾರೆ. ನಾನು ಒಳಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಬೆಳಗ್ಗೆ ಸಂಜೆ ಎರಡೆರಡು ಪಫ್, ಆಮೇಲೆ ಬಾಯಿ ಮುಕ್ಕಳಿಸುವುದು. ಹೊಸ ಮೊಬೈಲು ಬಿಚ್ಚುವ ಮನೆಗೆ, ಹೊಸ ಬಣ್ಣದ ಮನೆಗೆ ಹೋಗುವುದಿಲ್ಲ. ಪೂರ್ತಿ ಗುಣವಾಗುತ್ತದೆಂದು ಡಾಕ್ಟರು ಹೇಳಿಲ್ಲ, ಆಗುವುದಿಲ್ಲ ಎಂದೂ ಹೇಳಿಲ್ಲ. ಆ ಇಪ್ಪತ್ತು ಹುಳುವನ್ನು ಅತ್ತೆ ಹುಳುಮನೆಗೆ ಮತ್ತೆ ಸೇರಿಸಲಿಲ್ಲ, ಹಸುವಿನ ಕೊಟ್ಟಿಗೆಯ ಮೂಲೆಯಲ್ಲಿ ಬೇರೆ ಇಟ್ಟು ಸಾಕಿದರು. ಅವೂ ಗೂಡು ಕಟ್ಟಿದವು. ಒಳ್ಳೆಯ ಗೂಡೇ.

ಈಗಲೂ ಸಂಜೆ ಬಚ್ಚಲಲ್ಲಿ ಸೀರೆ ಬಿಚ್ಚಿಟ್ಟು, ಬೇರೆ ಉಟ್ಟು, ಮಾಸ್ಕ್ ಕೈಯಲ್ಲಿ ಹಿಡಿದು ಹುಳುಮನೆಯ ಬಾಗಿಲಿಗೆ ಹೋಗುತ್ತೇನೆ. ಅತ್ತೆ ಮೊದಲು ಮೀಟರು ಕೊಡುತ್ತಾರೆ. ಊದುತ್ತೇನೆ. ಇವತ್ತು ಮುನ್ನೂರ ಮೂವತ್ತು, ನಿನ್ನೆಗಿಂತ ಹತ್ತು ಕಡಿಮೆ. ಕ್ಯಾಲೆಂಡರಿನಲ್ಲಿ ಬರೆದುಕೊಂಡರು. ಆಮೇಲೆ ಹಳೆಯ ಅಭ್ಯಾಸದಂತೆ ನನ್ನ ಸೆರಗು ಹಿಡಿದು ಮೂಸಿದರು. ಆಗ ಹುಳುವಿಗಾಗಿ ಮೂಸುತ್ತಿದ್ದರು, ಈಗ ನನಗಾಗಿ ಮೂಸುತ್ತಾರೆ. ಮೂಸಿ ಮುಗಿಯುವವರೆಗೆ ನಾನು ಅಲ್ಲಾಡದೆ ನಿಂತಿರುತ್ತೇನೆ.